ಮೆಂತ್ಯಪಲ್ಯ ಸೋಸ್ಕೋತ ನೋಡೂವಂಥಾವು

ಹೋದ ಸಲ ರಂಜಕಾ ಕುಟ್ಟೂದು ಬರದಿದ್ದೆ. ಅದಕ್ಕ ಎಷ್ಟು ಮಂದಿ ಫೋನ್ ಮಾಡಿದ್ರಿ! ಈ ಸಲದ್ದು ಅಡಗಿ ಮಾತಲ್ಲ. ಆದ್ರ ಅಡಗಿಮನಿ ಬಿಟ್ಟ ಮಾತೂ ಅಲ್ಲ.

ಮಧ್ಯಾಹ್ನ ಊಟಾ ಆಗಿ, ಭಾಂಡೆ ತಿಕ್ಕಿ ಬೋರಲ ಹಾಕಿದ ಮ್ಯಾಲ, ಎರಡರಿಂದ ನಾಕರ ತನಕಾ ನಮ್ಮ ಹೊತ್ತು. ಕಾಯಿಪಲ್ಯ ಸೋಸೂದು, ಅಕ್ಕಿ ಹಸನ ಮಾಡೂದು, ಬತ್ತಿ ಹೊಸಿಯೂದು, ಅರಬಿ ಮಡಚೂದು. ಕೈಗೆ ಕೆಲಸ ಇರ್ತದ, ಕಣ್ಣು ಕಿವಿ ಖಾಲಿ ಇರ್ತಾವ. ಆ ಹೊತ್ತಿನ್ಯಾಗ ಧಾರಾವಾಹಿ ನೋಡೂದು ನಮ್ಮ ಮನ್ಯಾಗೂ ಇತ್ತು. ಈ ಎರಡು ವರ್ಷದಿಂದ ನಾ ಅದನ್ನ ಬಿಟ್ಟು, ನಿಸರ್ಗದ್ದು, ವಿಜ್ಞಾನದ್ದು ಸಾಕ್ಷ್ಯಚಿತ್ರ, ತಿಳಿದವರ ಭಾಷಣ, ಇಂಥಾವು ನೋಡಲಿಕ್ಕೆ ಶುರು ಮಾಡೀನಿ.

ಮೊನ್ನೆ ನಮ್ಮ ವೈನಿ ಕಟ್ಟಿ ಮ್ಯಾಲ ಕೂತು ಕೇಳೇಬಿಟ್ರು: "ಅಲ್ಲವಾ, ಆ ಆನಿ, ಹದ್ದು, ಜೇನಹುಳಾ ನೋಡಿ ನಮಗೇನಾಗಬೇಕಾಗೇದ? ನಾವೇನು ಪರೀಕ್ಷಾ ಬರೀಬೇಕಾಗೇದೇನು?" ಆವಾಗ ನಕ್ಕೋತ ಚಹಾ ತರಲಿಕ್ಕೆ ಒಳಗ ಹೋದೆ. ಉತ್ತರ ಬರಲಿಲ್ಲ. ಆಮ್ಯಾಲೆ ವಿಚಾರ ಮಾಡಿದೆ. ವೈನಿ, ಇದು ನಿಮಗ ಉತ್ತರ. ಉಳಿದವರೂ ಓದ್ರಿ.

ಮೊದಲ ನಾ ಒಂದು ತಪ್ಪು ಒಪ್ಕೋಬೇಕು. ಹೋದ ವರ್ಷ ನಮ್ಮ ಓಣ್ಯಾಗ ನೀರಿನ ಟಾಕಿ ಕೆಳಗ ಹೆಜ್ಜೇನು ಕಟ್ಟಿತ್ತು, ನೆನಪದ ಅಲ್ಲ? ಮಕ್ಕಳು ಅಲ್ಲೇ ಆಡ್ತಾವ, ಕಡಿದ್ರ ಏನು ಗತಿ ಅಂತ ಎಲ್ಲಾರೂ ಕೂಡಿ ರೊಕ್ಕಾ ಹಾಕಿದ್ವಿ. ನಾನೂ ನೂರು ರೂಪಾಯಿ ಕೊಟ್ಟೆ. ರಾತ್ರಿ ಒಬ್ಬಾಂವ ಬಂದು ಬೆಂಕಿ ಹಚ್ಚಿ ಸುಟ್ಟು ಹೋದ. ಮುಂಜಾನೆ ಎದ್ದು ಕಸಾ ಹೊಡೀಲಿಕ್ಕೆ ಹೋದ್ರ ಅಂಗಳದ ತುಂಬ ಹುಳಾ. ಮೂರು ಸಲ ಬುಟ್ಟಿ ತುಂಬಿ ಚೆಲ್ಲಿದೆ. ಕೆಲವು ಇನ್ನೂ ರೆಕ್ಕಿ ಬಡೀತಿದ್ವು. ಮನಸಿಗೆ ಹೆಂಗೋ ಆತು. ಆದ್ರ ಯಾರ ಮುಂದೂ ಬಾಯಿ ಬಿಡಲಿಲ್ಲ. ಅಂಗಳಾ ತೊಳದು ರಂಗೋಲಿ ಹಾಕಿ ಒಳಗ ಬಂದೆ.

ಅದಾದ ನಾಕು ತಿಂಗಳಿಗೆ ಮಗಳು 'ಹನಿಲ್ಯಾಂಡ್' ಅನ್ನೂ ಚಿತ್ರ ಹಚ್ಚಿಕೊಟ್ಟಳು. 2019ರ ಚಿತ್ರ. ಯುರೋಪಿನಾಗ ಉತ್ತರ ಮ್ಯಾಸಿಡೋನಿಯಾ ಅಂತ ಒಂದು ಸಣ್ಣ ದೇಶ ಅದ. ಅಲ್ಲೆ ಗುಡ್ಡದಾಗ ಒಂದು ಹಳ್ಳಿ. ಕರೆಂಟಿಲ್ಲ, ಸರಿಯಾದ ರಸ್ತಾ ಇಲ್ಲ, ಮಂದಿ ಎಲ್ಲಾ ಊರು ಬಿಟ್ಟು ಹೋಗ್ಯಾರ. ಹತೀಜೆ ಮುರಾತೋವಾ ಅಂತ ಒಬ್ಬಾಕಿ, ಹಾಸಿಗಿ ಹಿಡಿದ ಮುದುಕಿ ಅವ್ವನ್ನ ನೋಡ್ಕೋತ ಅಲ್ಲೇ ಉಳದಾಳ. ಬಂಡಿಗಲ್ಲಿನ ಸಂದ್ಯಾಗ, ಹಳೇ ಗ್ವಾಡಿ ಸಂದ್ಯಾಗ ಇರೂ ಜೇನು ಜೋಪಾನ ಮಾಡ್ತಾಳ. ಬರೇ ಕೈಲೇ ಎರಿ ತಗೀತಾಳ. ಆಕಿದು ಒಂದೇ ನೇಮ. ಅರ್ಧಾ ತಾ ತೊಗೋತಾಳ, ಅರ್ಧಾ ಹುಳಕ್ಕ ಬಿಡ್ತಾಳ. ತಂದ ತುಪ್ಪಾ ರಾಜಧಾನಿ ಸ್ಕೋಪ್ಯೆ ಪ್ಯಾಟಿಗೆ ಒಯ್ದು ಮಾರಿ, ಬರುವಾಗ ಅವ್ವಗ ಬಾಳಿಹಣ್ಣು ತರ್ತಾಳ, ತನಗ ಕೂದಲಿಗೆ ಹಚ್ಚೂ ಬಣ್ಣ ತರ್ತಾಳ. ಆ ಬಣ್ಣದ ಡಬ್ಬಿ ನೋಡಿ ನನಗ ಆಕಿ ನಮ್ಮಾಕಿನೇ ಅನಿಸಿಬಿಟ್ಲು.

ಮುಂದ ಅಲ್ಲೆ ಒಂದು ಸಂಸಾರ ಬರ್ತದ. ದನಾ ಕಟ್ಕೊಂಡು, ಏಳು ಮಕ್ಕಳನ್ನ ಕರಕೊಂಡು. ಆಕಿಗೆ ಖುಷಿ ಆಗ್ತದ. ಇಷ್ಟು ವರ್ಷಕ್ಕ ಬಾಜೂ ಮನ್ಯಾಗ ದೀಪಾ ಹತ್ತಿತಲ್ಲಾ ಅಂತ. ಜೇನು ಸಾಕೂದನ್ನ ಅವರಿಗೂ ಹೇಳಿಕೊಡ್ತಾಳ. ಆದ್ರ ಆ ಗಂಡಸಿಗೆ ಮಕ್ಕಳ ಹೊಟ್ಟಿ ತುಂಬಿಸೂ ಚಿಂತಿ, ತಲಿ ಮ್ಯಾಲ ವ್ಯಾಪಾರಸ್ಥ ಕೂತಾನ, ಇನ್ನೂ ಕೊಡು ಇನ್ನೂ ಕೊಡು ಅಂತ. ಅರ್ಧಾ ಬಿಡೂ ನೇಮಾ ಮುರದು ಎಲ್ಲಾ ತಗದು ಮಾರ್ತಾನ. ಅವನ ಹುಳಾ ಹಸಗೊಂಡು ಹೋಗಿ ಆಕಿ ಗೂಡಿಗೆ ಬೀಳ್ತಾವ. ಆಕಿ ಜೇನೂ ಸಾಯ್ತಾವ. ಈ ಚಿತ್ರದಾಗ ಕೆಟ್ಟವರು ಅಂತ ಯಾರೂ ಇಲ್ಲ ನೋಡ್ರಿ. ಆ ಮನಿ ಹೆಣಮಗಳೂ ನಮ್ಮಂಗೇ ದುಡದು ಸೋತಾಕಿ. ಆದ್ರೂ ಆಗೂದು ಆಗೇ ಬಿಡ್ತದ.

ಚಿತ್ರ ಮಾಡಿದವರು ಮೂರು ವರ್ಷ ಅಲ್ಲೆ ಹೋಗಿ ಬಂದು ಶೂಟಿಂಗ್ ಮಾಡ್ಯಾರ. ಆಸ್ಕರಿಗೆ ಎರಡು ವಿಭಾಗದಾಗ ಹೆಸರು ಹೋಗಿತ್ತು, ಸಾಕ್ಷ್ಯಚಿತ್ರ ಅಂತನೂ, ಬ್ಯಾರೆ ದೇಶದ ಸಿನಿಮಾ ಅಂತನೂ. ಅದೆಲ್ಲಾ ಇರಲಿ. ಚಿತ್ರ ಮುಗಿಯೂ ಹೊತ್ತಿಗೆ ನನ್ನ ಮುಂದ ಮೆಂತ್ಯಪಲ್ಯದ ಸಿವುಡು ಹಂಗೇ ಬಿದ್ದಿತ್ತು. ನನ್ನ ಕಣ್ಣ ಮುಂದ ಇದ್ದದ್ದು ನಮ್ಮ ಅಂಗಳದ ಬುಟ್ಟಿ.

ಆಮ್ಯಾಲೆ ಕೂತು ಹೆಜ್ಜೇನಿಂದು ಓದಿದೆ. ಹೆಜ್ಜೇನು ಒಂದ ಕಡೆ ವರ್ಷಾಪೂರ್ತಿ ಇರೂ ಹುಳಾ ಅಲ್ಲ. ಹೂವಿನ ಹಂಗಾಮಿಗೆ ಬರ್ತಾವ, ಹಂಗಾಮು ಮುಗೀತಂದ್ರ ತಾವಾಗೇ ಎದ್ದು ಹೋಗ್ತಾವ, ಮರುವರ್ಷ ಹೊಳ್ಳಿ ಅದೇ ಜಾಗಾಕ್ಕ ಬರೂದೂ ಉಂಟು. ಅಂದ್ರ ನಾವು ಒಂದಿಷ್ಟು ದಿನ ತಡಕೊಂಡಿದ್ರ ಸಾಕಿತ್ತೇನೋ. ನಮ್ಮ ಜ್ವಾಳಕ್ಕ ಗಾಳಿ ಬೀಸಿದ್ರ ಸಾಕು, ತೆನಿ ಕಾಳು ಕಟ್ಟತದ. ಆದ್ರ ಕುಂಬಳಕಾಯಿ, ಸೌತಿಕಾಯಿ, ಸೂರ್ಯಕಾಂತಿ, ಬೀಜಕ್ಕ ಬಿಟ್ಟ ಉಳ್ಳಾಗಡ್ಡಿ ಇವಕ್ಕೆಲ್ಲಾ ಹುಳಾ ಬಂದು ಹೂವಿನ ಮ್ಯಾಲ ಕೂಡಬೇಕು. ನಾ ನೂರು ರೂಪಾಯಿ ಕೊಟ್ಟು ಸುಡಿಸಿದ್ದು ಅದನ್ನ.

ಹಂಗಂತ ಹೆಜ್ಜೇನು ಅಂದ್ರ ಸಣ್ಣ ಮಾತಂತ ನಾ ಅನ್ನಂಗಿಲ್ಲ. ರೊಚ್ಚಿಗೆದ್ದು ಗುಂಪು ಕಡಿದ್ರ ಜೀವಾ ಹೋಗ್ತದ. ಸಾಲಿ ಬಾಗಲ ಮ್ಯಾಲ ಕಟ್ಟಿದ್ರ ತಗಸಲೇಬೇಕು. ಆದ್ರ ತಗಸೂದು ಬ್ಯಾರೆ, ಸುಡೂದು ಬ್ಯಾರೆ. ಇವೆರಡರ ನಡುವಿನ ಫರಕು ನನಗ ಗೊತ್ತಿರಲಿಲ್ಲ, ಗೊತ್ತು ಮಾಡ್ಕೋಬೇಕು ಅಂತನೂ ಅನಿಸಿರಲಿಲ್ಲ. ಹಂಗ ಅನಿಸೂವಂಗ ಮಾಡಿದ್ದು ಆ ಸಿನಿಮಾ.

ಅದಕ್ಕೇ ವೈನಿ, ನನ್ನ ಅಭಿಪ್ರಾಯ ಇಷ್ಟ. ನಾವು ಮಧ್ಯಾಹ್ನ ಏನು ನೋಡ್ತೀವಿ ಅನ್ನೂದು ಬರೇ ಹೊತ್ತು ಕಳಿಯೂ ಮಾತಲ್ಲ. ಮನ್ಯಾಗ ಯಾವ ಹುಳಾ ಸಾಯಬೇಕು, ಯಾವ ಗಿಡಾ ಕಡೀಬೇಕು, ಯಾರು ಯಾವ ಗುಳಗಿ ನುಂಗಬೇಕು, ಮಕ್ಕಳು ಯಾತಕ್ಕ ಅಂಜಬೇಕು, ಇದೆಲ್ಲಾ ನಾವು ನಂಬಿದ್ದರ ಮ್ಯಾಲ ನಡೀತದ. ನಂಬೂದನ್ನ ನಾವು ಎಲ್ಲಿಂದ ತೊಗೋತೀವಿ? ಈಗಂತೂ ಮೊಬೈಲಿನಿಂದ.

ಮೊಬೈಲಿನಾಗ ಬರೂ ಎಲ್ಲಾ ಭಾಷಣಾನೂ ವಿಜ್ಞಾನ ಅಲ್ಲ. ನಮ್ಮ ಸಂಬಂಧಿಕರೊಬ್ಬರು ಹಂಗೇ ಒಂದು ಭಾಷಣ ಕೇಳಿ ಸಕ್ರಿ ಬ್ಯಾನಿ ಗುಳಗಿ ಬಿಟ್ಟು, ಕಷಾಯ ಕುಡದು, ಕಡೀಕ ಹದಿನೈದು ದಿನ ದವಾಖಾನ್ಯಾಗ ಬಿದ್ರು. ಆ ಭಾಷಣಾನೂ ಬಿಳೇ ಕೋಟ್ ಹಾಕ್ಕೊಂಡಾಂವನೇ ಮಾಡಿದ್ದ. ಅದಕ್ಕ ನಾ ಏನರ ನೋಡೂ ಮುಂದ ಮೂರು ಪ್ರಶ್ನಿ ಕೇಳ್ಕೋತೀನಿ. ಇಂವಗ ಇದು ಹೆಂಗ ಗೊತ್ತಾತು ಅಂತ ಹೇಳ್ತಾನೋ ಇಲ್ಲೋ? ಕಡೀಕ ಏನರ ಮಾರ್ತಾನೋ? ಇದನ್ನ ಒಪ್ಪದೇ ಇರೂ ತಿಳಿದವರು ಯಾರರ ಇದ್ದಾರೋ, ಇದ್ರ ಅವರು ಏನಂತಾರ? ಡಬ್ಬಿ, ಪುಡಿ, ಎಣ್ಣಿ ಮಾರ್ಲಿಕ್ಕೆ ಶುರು ಮಾಡಿದ ಅಂದ್ರ ನಾ ಅಲ್ಲಿಗೇ ಬಂದ್ ಮಾಡ್ತೀನಿ.

ದೊಡ್ಡ ಹೆಸರಿನವರು ಮಾಡ್ಯಾರ, ಪ್ರಶಸ್ತಿ ಬಂದದ ಅಂತ ಕಣ್ಣು ಮುಚ್ಚಿ ನಂಬೂದೂ ತಪ್ಪೇ. 1958ರಾಗ ಡಿಸ್ನಿಯವರು 'ವೈಟ್ ವೈಲ್ಡರ್‌ನೆಸ್' ಅಂತ ಚಿತ್ರ ಮಾಡಿದ್ರು. ಲೆಮ್ಮಿಂಗ್ ಅಂತ ಹಿಮದ ನಾಡಿನ ಇಲಿಯಂಥಾ ಪ್ರಾಣಿ. ಅವು ಗುಂಪು ಗುಂಪಾಗಿ ದಂಡಿಯಿಂದ ಹಾರಿ ನೀರಿಗೆ ಬಿದ್ದು ಸಾಯ್ತಾವ ಅಂತ ತೋರಿಸಿದ್ರು. ಆಸ್ಕರೂ ಬಂತು. ಎಂಬತ್ತರ ದಶಕದಾಗ ಕೆನಡಾದ ಟೀವಿ ಪತ್ರಕರ್ತರು ಹುಡುಕಿ ನೋಡಿದ್ರ, ಎಲ್ಲಾ ನಾಟಕ. ಲೆಮ್ಮಿಂಗ್ ಇರದ ಊರಿಗೆ ಬ್ಯಾರೆ ಕಡೆಯಿಂದ ಹಿಡಿಸಿ ತಂದು, ತಾವೇ ನೂಕಿ ಬೀಳಿಸಿದ್ರಂತ. ಇವತ್ತಿಗೂ ಎಷ್ಟೋ ಮಂದಿ ಲೆಮ್ಮಿಂಗ್ ಆತ್ಮಹತ್ಯಾ ಮಾಡ್ಕೋತಾವ ಅಂತನೇ ತಿಳಕೊಂಡಾರ. ಒಂದು ಸುಳ್ಳು ಚಿತ್ರ ಎಷ್ಟು ವರ್ಷ ಬಾಳ್ತದ ನೋಡ್ರಿ.

ಸುಳ್ಳು ಅಲ್ಲದಿದ್ರೂ ಅರ್ಧಾ ತಿಳಿದದ್ದು ಅಂತನೂ ಇರ್ತಾವ. ಕೆನಡಾದ ಸುಝಾನ್ ಸಿಮಾರ್ಡ್ ಅಂತ ಅರಣ್ಯ ವಿಜ್ಞಾನಿ, ಹೆಣಮಗಳು. ಗಿಡಗಳು ಬೇರಿನ ಬುಡದಾಗಿನ ಬೂಸ್ಟಿನ ಎಳಿಗಳಿಂದ ಒಂದಕ್ಕೊಂದು ಆಹಾರ ಕೊಟ್ಟು ತೊಗೋತಾವ ಅಂತ 2016ರಾಗ ಟೆಡ್ ವೇದಿಕಿ ಮ್ಯಾಲ ಮಾತಾಡ್ಯಾಳ. ಕಾಡಿನ್ಯಾಗ ಕರಡಿ ಬೆನ್ನು ಹತ್ತಿದ್ದು, ಗಿಡಕ್ಕ ಚೀಲಾ ಕಟ್ಟಿ ಪ್ರಯೋಗ ಮಾಡಿದ್ದು, ಎಷ್ಟು ಛಂದ ಹೇಳ್ತಾಳಂದ್ರ! ನಾ ಅದನ್ನ ಕೇಳಿ ಹಿತ್ತಲದಾಗಿನ ಕರಿಬೇವಿಗೂ ಪಾರಿಜಾತಕ್ಕೂ ಏನು ಮಾತು ನಡದದೋ ಅಂತ ವಾರಗಟ್ಟಲೆ ನೋಡಿದೆ. 2023ರಾಗ ಇದೇ ವಿಷಯಾ ಓದಿದ ಮೂವರು ವಿಜ್ಞಾನಿಗಳು ಲೇಖನ ಬರದು, ಪ್ರಯೋಗದಾಗ ಸಿಕ್ಕದ್ದಕ್ಕಿಂತ ಹೆಚ್ಚಿಂದು ಮಂದಿ ಮಾತಾಡಲಿಕ್ಕತ್ತಾರ, ಕಾಡಿನ್ಯಾಗ ಇದು ಎಷ್ಟು ನಡೀತದ ಅನ್ನೂದಕ್ಕ ಪುರಾವೆ ಸಾಲದು ಅಂದ್ರು. ನನಗ ಮೊದಲ ಬ್ಯಾಸರಾತು. ಆಮ್ಯಾಲೆ ಅನಿಸ್ತು, ಇದೇ ಖರೇ ವಿಜ್ಞಾನ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ತಿರುವಿ ಹಾಕಿ ನೋಡೂದು. ಕಷಾಯದಾಂವಗ ಹಂಗ ಯಾರೂ ಕೇಳಂಗಿಲ್ಲ. ಆ ಭಾಷಣ ಕೇಳ್ರಿ, ಈ ಮಾತೂ ನೆನಪಿಡ್ರಿ.

ಇನ್ನ ಯಾವುದು ನೋಡಬೇಕು ಅನ್ನೂದಕ್ಕ ಬರ್ತೀನಿ.

ಸಣ್ಣ ಮಕ್ಕಳು, ಇಂಗ್ಲಿಷ್ ಬರದ ಅತ್ತಿಯವರು ಇರೂ ಮನ್ಯಾಗ 'ವೈಲ್ಡ್ ಕರ್ನಾಟಕ'ದಿಂದ ಶುರು ಮಾಡ್ರಿ. ಅಮೋಘವರ್ಷ, ಕಲ್ಯಾಣ್ ವರ್ಮಾ ಅವರು ಮಾಡಿದ್ದು, 2020ರ ಜನವರಿಯಾಗ ಥೇಟರಿಗೆ ಬಂದಿತ್ತು. ಇಂಗ್ಲಿಷಿನಾಗ ಡೇವಿಡ್ ಅಟೆನ್‌ಬರೋ ಧ್ವನಿ, ಕನ್ನಡದಾಗ ರಿಷಬ್ ಶೆಟ್ಟಿ ಧ್ವನಿ. ನಮ್ಮ ಅತ್ತಿಯವರು ಕನ್ನಡದ್ದು ನೋಡಿ, "ಇದೆಲ್ಲಾ ನಮ್ಮ ನಾಡಿನ್ಯಾಗ ಅದ ಏನ?" ಅಂತ ಮೂರು ಸಲ ಕೇಳಿದ್ರು. ಅದರ ಮ್ಯಾಲ 'ಗಂಧದ ಗುಡಿ' ನೋಡ್ರಿ. ಪುನೀತ್ ರಾಜಕುಮಾರ್ ತೀರಿಕೊಂಡು ಒಂದು ವರ್ಷಕ್ಕ, 2022ರ ಅಕ್ಟೋಬರ್ 28ಕ್ಕ ಬಂದದ್ದು. ಅಲ್ಲೆ ಅವರು ಯಾವ ಪಾತ್ರಾನೂ ಹಾಕಿಲ್ಲ, ತಾವು ತಾವಾಗೇ ಕಾಡು ತಿರಗ್ಯಾರ. ಇದರಾಗ ವಿಜ್ಞಾನ ಕಡಿಮಿ ಅದ ಅಂದ್ರ ನಾ ಒಪ್ತೀನಿ. ಆದ್ರ ಕಾಡು ಅಂದ್ರ ನಮ್ಮ ಮಂದಿದು ಅನ್ನೂ ಮಾಯಾ ಹುಟ್ಟಬೇಕಾದ್ರ ಇದು ಛಲೋ. ಮಕ್ಕಳು ಅಪ್ಪು ಸಲುವಾಗಿ ಕೂಡ್ತಾವ, ಕಾಡು ನೋಡಿ ಏಳ್ತಾವ.

ಒಂದ ತಾಸಿನ್ಯಾಗ ಮುಗಿಯೂವಂಥಾದ್ದು ಬೇಕಂದ್ರ 'ದಿ ಎಲಿಫೆಂಟ್ ವಿಸ್ಪರರ್ಸ್'. ಬರೇ ನಲವತ್ತು ನಿಮಿಷದ ಹತ್ತರ ಅದ. ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ್ದು, 2023ರಾಗ ಆಸ್ಕರ್ ಬಂತು. ನಮ್ಮ ಬಂಡೀಪುರಕ್ಕ ಹೊಂದಿಕೊಂಡ ಮುದುಮಲೈ ಕಾಡಿನ ತೆಪ್ಪಕಾಡು ಆನಿ ಶಿಬಿರ. ಬೊಮ್ಮನ್, ಬೆಳ್ಳಿ ಅಂತ ಕಾಡಿನ ಜೋಡಿ ರಘು ಅನ್ನೂ ತಾಯಿಲ್ಲದ ಮರಿ ಸಾಕ್ತಾರ. ದೊಡ್ಡದಾದ ಮ್ಯಾಲ ಅದನ್ನ ಬ್ಯಾರೆಯವರ ಕೈಗೆ ಕೊಡಬೇಕಾಗ್ತದ. ಮಗಳನ್ನ ಕೊಟ್ಟು ಕಳಿಸಿದವರಿಗೆ ಆ ದೃಶ್ಯ ಹೇಳಿಕೊಡೂದು ಬ್ಯಾಡ. ಆದ್ರ ನನ್ನದೊಂದು ತಕರಾರು ಅದ. ಮರಿ ತಾಯಿ ಕರೆಂಟ್ ತಗಲಿ ಸತ್ತಿತ್ತು. ಆನಿ ಊರಿನ ತನಕಾ ಯಾಕ ಬಂತು, ತಂತಿ ಯಾಕ ಹಾಕಿದ್ರು, ಅದನ್ನ ಚಿತ್ರ ಮುಟ್ಟಿ ಮುಂದ ಹೋಗಿಬಿಡ್ತದ. ನೋಡಿ ಅಳೂದು ಸುಲಭ. ಅಷ್ಟಕ್ಕ ನಿಲ್ಲಬಾರದು.

ಹೆಣ್ಣುಮಕ್ಕಳನ್ನ ಬೆಳಸೂ ಮನಿಗೆ 'ಜೇನ್' ಅಂತ 2017ರ ಚಿತ್ರ. ಜೇನ್ ಗುಡಾಲ್ 1960ರ ಜುಲೈದಾಗ, ಇಪ್ಪತ್ತಾರನೇ ವಯಸ್ಸಿನ್ಯಾಗ, ಡಿಗ್ರಿ ಇಲ್ಲದೇ ಆಫ್ರಿಕಾದ ಗೊಂಬೆ ಕಾಡಿಗೆ ಚಿಂಪಾಂಜಿ ನೋಡಲಿಕ್ಕೆ ಹೋದಾಕಿ. ಒಬ್ಬಾಕಿ ಹುಡಿಗಿನ್ನ ಕಾಡಿಗೆ ಬಿಡಂಗಿಲ್ಲ ಅಂದ್ರಂತ ಅಧಿಕಾರಿಗಳು. ಆಕಿ ಅವ್ವ ಏನು ಮಾಡಿದ್ಲು ಗೊತ್ತೇನ್ರಿ? "ನಡಿ, ನಾನೂ ಬರ್ತೀನಿ" ಅಂದಂಗ ಸಂಗಡ ಹೊಂಟಳು, ಡೇರೆದಾಗ ತಿಂಗಳುಗಟ್ಟಲೆ ಇದ್ಲು. ಅದೇ ವರ್ಷ, ಚಿಂಪಾಂಜಿ ಹುಲ್ಲಿನ ಕಡ್ಡಿ ಹುತ್ತಿನ್ಯಾಗ ಹಾಕಿ ಗೆದ್ದಲ ತಗದು ತಿನ್ನೂದನ್ನ ಜೇನ್ ಕಂಡಳು. ಹತ್ಯಾರ ಬಳಸೂದು, ಮಾಡ್ಕೊಳ್ಳೂದು ಮನುಷ್ಯಾರಿಗಷ್ಟ ಬರ್ತದ ಅಂತ ಪಂಡಿತರು ತಿಳಕೊಂಡಿದ್ದು ಅಲ್ಲಿಗೆ ಮುಗೀತು. ಚಿಂಪಾಂಜಿಗೆ ನಂಬರ್ ಕೊಡಬೇಕು, ಹೆಸರಿಡಬಾರದು ಅಂತ ದೊಡ್ಡವರು ಅಂದ್ರೂ ಆಕಿ ಹೆಸರೇ ಇಟ್ಲು. ಫ್ಲೋ ಅನ್ನೂ ತಾಯಿ ಚಿಂಪಾಂಜಿ ಮಕ್ಕಳನ್ನ ಜೋಪಾನ ಮಾಡೂದನ್ನ ನೋಡಿ, ತನ್ನ ಮಗನ್ನ ಬೆಳಸುವಾಗ ಅದರಿಂದ ಕಲತೆ ಅಂತಾಳ. ಆ ಕಾಲದಾಗೇ ಹ್ಯೂಗೋ ವಾನ್ ಲಾವಿಕ್ ತಗದ ನೂರು ತಾಸಿಗಿಂತ ಹೆಚ್ಚಿನ ಫಿಲ್ಮಿನಿಂದ ಈ ಚಿತ್ರ ಮಾಡ್ಯಾರ. 2025ರ ಅಕ್ಟೋಬರ್ 1ಕ್ಕ ಆಕಿ ತೀರಿಕೊಂಡಳು, ತೊಂಬತ್ತೊಂದು ವರ್ಷ. ನನಗ ಈ ಚಿತ್ರದಾಗ ಜೇನ್‌ಗಿಂತ ಹೆಚ್ಚು ನೆನಪುಳಿದಾಕಿ ಆಕಿ ಅವ್ವ. ನಮ್ಮ ಹುಡುಗ್ಯಾರು ಏನರ ಹುಚ್ಚು ಕನಸು ಹೇಳಿದಾಗ ಬ್ಯಾಡ ಅನ್ನೂ ಮೊದಲ ಒಮ್ಮೆ ಆ ಡೇರೆ ನೆನಸ್ಕೊಳ್ರಿ.

'ಆಲ್ ದ್ಯಾಟ್ ಬ್ರೀದ್ಸ್' ಮಾತ್ರ ಸಂಜಿ ಮುಂದ ಕೂತು ನೋಡಬೇಕು, ಕೆಲಸ ಮಾಡ್ಕೋತ ಆಗಂಗಿಲ್ಲ. ಶೌನಕ್ ಸೇನ್ ಮಾಡಿದ್ದು, 2022ರದು. ದಿಲ್ಲಿಯೊಳಗ ನದೀಮ್, ಸೌದ್ ಅಂತ ಅಣ್ಣ-ತಮ್ಮ, ಸಾಬೂನು ನೀರಿನ ಡಬ್ಬಿ ಮಾಡಿ ಹೊಟ್ಟಿ ಹೊರಕೋತ, ನೆಲಮನ್ಯಾಗ ಗಾಯಾದ ಹದ್ದುಗಳ ಆರೈಕಿ ಮಾಡ್ತಾರ. ಮೊದಲ ಒಂದು ಹದ್ದು ಸಿಕ್ಕಾಗ ಪಕ್ಷಿ ದವಾಖಾನ್ಯಾಗ, ಇದು ಮಾಂಸ ತಿನ್ನೂ ಪಕ್ಷಿ ಅಂತ ತೊಗೊಳ್ಳಲಿಲ್ಲಂತ. ಅದಕ್ಕ ತಾವೇ ಕಲತು ಶುರು ಮಾಡಿದ್ರು. ಎಷ್ಟೋ ಹದ್ದುಗಳ ರೆಕ್ಕಿ ಕೊಯ್ಯೂದು ಗಾಳಿಪಟದ ಮಾಂಜಾ ದಾರ. ಇದನ್ನ ನೋಡಿದ ದಿನಾ ನಮ್ಮ ಮಾಳಗಿ ಮ್ಯಾಲ ಸಿಕ್ಕೊಂಡಿದ್ದ ಹಳೇ ದಾರ ಎಲ್ಲಾ ತಗದು ಸುತ್ತಿ ಒಗದೆ. ಮೊಮ್ಮಕ್ಕಳಿಗೆ ಹತ್ತಿ ದಾರ ತಂದು ಕೊಡ್ರಿ, ಪಟಾ ಹಾರೇ ಹಾರ್ತದ.

ಡೇವಿಡ್ ಅಟೆನ್‌ಬರೋ ಅವರದು ಒಂದೇ ನೋಡೂದಾದ್ರ 2020ರ 'ಎ ಲೈಫ್ ಆನ್ ಅವರ್ ಪ್ಲಾನೆಟ್' ನೋಡ್ರಿ. ತೊಂಬತ್ತು ದಾಟಿದ ಮುತ್ಯಾ ತನ್ನ ಜೀವನದಾಗ ಭೂಮಿ ಹೆಂಗ ಬದಲಾತು ಅಂತ ಲೆಕ್ಕಾ ಕೊಡ್ತಾನ. 1937ರಾಗ ಅವರು ಹುಡುಗ. ಆವಾಗ ಜಗತ್ತಿನ ಜನ 230 ಕೋಟಿ, ಕಾಡು-ಮೇಡು ಉಳಿದದ್ದು ನೂರಕ್ಕ 66. ಚಿತ್ರ ಮಾಡೂ ಹೊತ್ತಿಗೆ ಜನ 780 ಕೋಟಿ, ಕಾಡು-ಮೇಡು ನೂರಕ್ಕ 35. ಒಬ್ಬ ಮನುಷ್ಯಾನ ಆಯುಷ್ಯದಾಗ ಇಷ್ಟು. ನಮ್ಮ ಅಜ್ಜಿ ಹೇಳತಿದ್ಲಲ್ಲಾ, ಊರ ಹೊರಗ ನರಿ ಕೂಗತಿದ್ವು, ರಾತ್ರಿ ಹೊರಗ ಹೋಗಲಿಕ್ಕೆ ಅಂಜಕಿ ಬರತಿತ್ತು ಅಂತ. ಅದು ಕಥಿ ಅಲ್ಲ, ಈ ಲೆಕ್ಕದ ಒಳಗಿಂದೇ.

ಇಷ್ಟು ಹೇಳಿ, ನನಗ ಸಿಟ್ಟು ಬರೂ ಒಂದು ಮಾತೂ ಹೇಳಬೇಕು. ಈ ಪರಿಸರದ ಭಾಷಣದಾಗ ಬಹಳಷ್ಟು ಕಡೀಕ ಬಂದು ನಿಲ್ಲೂದು ನಮ್ಮ ಅಡಗಿಮನಿ ಬಾಗಲಕ್ಕ. ನಲ್ಲಿ ಬಂದ್ ಮಾಡ್ರಿ, ಪ್ಲಾಸ್ಟಿಕ್ ಬ್ಯಾಡ, ಹಸಿ ಕಸಾ ಬ್ಯಾರೆ ಒಣಾ ಕಸಾ ಬ್ಯಾರೆ. ಮಾಡೋಣ್ರಿ, ಮಾಡ್ತೀವಿ. ಆದ್ರ ಎಂಟೆಂಟು ದಿನಕ್ಕ ನೀರು ಬಿಟ್ಟಾಗ ಕೊಡಾ, ಬಕೀಟು, ತಪೇಲಿ ಎಲ್ಲಾ ತುಂಬಿ, ಅರಿವಿ ತೊಳದ ನೀರು ಗಿಡಕ್ಕ ಹಾಕಿದವರು ನಾವು. ನಮಗ ಹನಿ ನೀರಿನ ಪಾಠ ಹೇಳಬೇಕೇನು? ಭೂಮಿ ಉಳಸೂದೂ ಹೆಂಗಸರ ಮನಿಗೆಲಸದ ಪಟ್ಟಿಗೆ ಸೇರಿಸಿಬಿಟ್ರ, ದೊಡ್ಡ ದೊಡ್ಡ ನಿರ್ಧಾರ ಮಾಡೂವರನ್ನ ಕೇಳೂವರು ಯಾರು?

ಅದಕ್ಕೇ ನಾ ಎರಡು ಹೇಳ್ತೀನಿ, ಇವನ್ನ ತಪ್ಪಸಬ್ಯಾಡ್ರಿ. ಮೊದಲನೇದು ಅನುಪಮ್ ಮಿಶ್ರಾ ಅವರ ಭಾಷಣ. 2009ರ ನವೆಂಬರದಾಗ ನಮ್ಮ ಮೈಸೂರಿನ್ಯಾಗ ನಡದ ಟೆಡ್ ಇಂಡಿಯಾದಾಗ ಮಾತಾಡಿದ್ದು. ರಾಜಸ್ಥಾನದ ಮರಳಿನ್ಯಾಗ ಮಂದಿ ಮಳಿ ನೀರು ಹೆಂಗ ಹಿಡದು ಇಟ್ಟಾರ, ಕುಂಡ, ಬಾವಿ, ಕ್ವಾಟಿ ಮ್ಯಾಲಿನ ದೊಡ್ಡ ಟಾಕಿ, ಒಂದೊಂದೇ ಚಿತ್ರ ಹಾಕಿ ತೋರಿಸ್ತಾರ. ಅದರ ಜೋಡಿ ಸರಕಾರ ರೊಕ್ಕಾ ಸುರುವಿ ತಂದ ಕಾಲಿವೆ ಮರಳು ತುಂಬಿ ನಿಂತದ್ದನ್ನೂ ತೋರಿಸ್ತಾರ. ಧ್ವನಿ ಏರಸಂಗಿಲ್ಲ, ಯಾರನ್ನೂ ಬೈಯಂಗಿಲ್ಲ, ನಗಸ್ಕೋತ ಹೇಳ್ತಾರ. ಅದನ್ನ ಕೇಳಿದ ಮ್ಯಾಲ ಲಕ್ಕುಂಡಿಗೆ ಹೋದಾಗ ಮುಸುಕಿನ ಬಾವಿ ಮುಂದ ಬರೇ ಫೋಟೋ ತಗಸ್ಕೊಂಡು ಬರಲಿಕ್ಕೆ ಮನಸಾಗಲಿಲ್ಲ. ಮೆಟ್ಟಲ ಮ್ಯಾಲ ಕೂತೆ. ಇದನ್ನ ಕಟ್ಟಿದವರಿಗೆ ಗೊತ್ತಿದ್ದದ್ದು ನಾವು ಯಾವಾಗ ಮರತ್ವಿ ಅಂತ ವಿಚಾರ ಬಂತು.

ಎರಡನೇದು ಬರೇ ಹನ್ನೆರಡು ನಿಮಿಷದ ಚಿತ್ರ, ಶೇಖರ್ ದತ್ತಾತ್ರಿ ಅವರು 2001ರಾಗ ಕುದುರೆಮುಖದ ಗಣಿ ಮ್ಯಾಲ ಮಾಡಿದ 'ಮೈಂಡ್‌ಲೆಸ್ ಮೈನಿಂಗ್'. ಸುರಿಯೂ ಮಳಿ ನಾಡಿನ್ಯಾಗ ಗುಡ್ಡಾ ಕಡದು ಕಬ್ಬಿಣದ ಅದಿರು ತಗದ್ರ ಮಣ್ಣು ಎಲ್ಲಿಗೆ ಹೋಗ್ತದ? ಭದ್ರಾ ಹೊಳಿಗೆ. ಭದ್ರಾ ಕೂಡ್ಲಿಯಾಗ ತುಂಗೆನ್ನ ಕೂಡಿ ತುಂಗಭದ್ರಾ ಆಗಿ ನಮ್ಮ ಹಾವೇರಿ, ಮುಂಡರಗಿ ಕಡೆ ಬರ್ತಾಳ. ಅಲ್ಲೆ ಘಟ್ಟದ ಮ್ಯಾಲ ಆದದ್ದು ನಮ್ಮ ಕೊಡದ ತನಕಾ ಬರೂ ಮಾತು. ಗಣಿ ವಿರುದ್ಧ ಕೋರ್ಟಿನ್ಯಾಗ ಹೋರಾಡಿದವರು ಇದ್ರು, ಅಳತಿ ಮಾಡಿ ಕಾಗದಾ ಇಟ್ಟ ವಿಜ್ಞಾನಿಗಳು ಇದ್ರು, ಅದರ ಜೋಡಿ ಈ ಸಣ್ಣ ಚಿತ್ರಾನೂ ಊರೂರು ತಿರಗಿ ಮಂದಿ ಕಣ್ಣಿಗೆ ತೋರಿಸ್ತು. 2002ರಾಗ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005 ಮುಗಿಯೂದರೊಳಗ ಗಣಿ ಬಂದ್ ಆತು. ಅಲ್ಲೆ ದುಡಿಯೂವರ ಸಂಸಾರಕ್ಕ ಪೆಟ್ಟು ಬಿದ್ದದ್ದೂ ಖರೇ, ಅದನ್ನ ಮುಚ್ಚಬಾರದು. ಆದ್ರ ಒಂದು ಗುಡ್ಡಾ ಉಳೀತು. ನಲ್ಲಿ ಬಂದ್ ಮಾಡೂದು ನಮ್ಮ ಕೈಯಾಗ, ಗಣಿ ಬಂದ್ ಮಾಡೂದು ಯಾರ ಕೈಯಾಗ ಅಂತ ಹೇಳೂ ಚಿತ್ರ ಇದು.

ಕೆಲವರು ಅಂತೀರಿ, ನಮಗ ಇಂಗ್ಲಿಷ್ ಬರಂಗಿಲ್ಲ, ಇವು ಓಡ್ತಾವ ಅಂತ. ತೊಂಬತ್ತರ ದಶಕದಾಗ ದೂರದರ್ಶನದಾಗ 'ಟರ್ನಿಂಗ್ ಪಾಯಿಂಟ್' ಬರತಿತ್ತು, ನೆನಪದ ಏನ್ರಿ? ನಮ್ಮ ಧಾರವಾಡದಾಗ ಬೆಳದ ಗಿರೀಶ ಕಾರ್ನಾಡರು ನಡಸಿಕೊಡತಿದ್ರು, ಪ್ರೊಫೆಸರ್ ಯಶ್‌ಪಾಲ್ ಮಂದಿ ಕಳಿಸಿದ ಪ್ರಶ್ನಿಗೆ ಉತ್ತರ ಹೇಳತಿದ್ರು. ನಮ್ಮ ಅವ್ವಗ ಅದರಾಗಿನ ಅರ್ಧಾ ಮಾತು ತಿಳೀತಿರಲಿಲ್ಲ. ಆದ್ರ ಉತ್ತರ ಹೇಳುವಾಗ ಆ ಅಜ್ಜ ಖುಷಿಯಿಂದ ನಗೂದು ನೋಡಲಿಕ್ಕೇ ಕೂಡತಿದ್ಲು. ಕೂಡಿ ನೋಡಿದ್ರ ತಿಳಿದವರು ತಿಳೀದವರಿಗೆ ಹೇಳ್ತಾರ. ಹನಿಲ್ಯಾಂಡಿನ ಭಾಷಾ ನಮ್ಮ ಮನ್ಯಾಗ ಯಾರಿಗೂ ಬರಂಗಿಲ್ಲ. ಆಕಿ ಅವ್ವನ ಬಾಯಿಗೆ ಬಾಳಿಹಣ್ಣು ಇಡೂದು ತಿಳೀಲಿಕ್ಕೆ ಭಾಷಾ ಬೇಕೇನು?

ಇನ್ನ ಕೆಲವರು, ಇವೆಲ್ಲಾ ನೋಡಿದ್ರ ಜೀವಕ್ಕ ಸಂಕಟ ಆಗ್ತದ, ಇರೂ ಚಿಂತಿ ಸಾಲದೇನು ಅಂತೀರಿ. ಖರೇ ಮಾತು. ಆದ್ರ ಧಾರಾವಾಹಿಯಾಗ ಅತ್ತಿ ಸ್ವಸಿಗೆ ವಿಷಾ ಹಾಕಿದ್ದನ್ನ ನೋಡಿ ಪಡೂ ಸಂಕಟದಿಂದ ಏನೂ ಹುಟ್ಟಂಗಿಲ್ಲ. ಈ ಸಂಕಟದಿಂದ ನನಗ ಮಾಳಗಿ ಮ್ಯಾಲಿನ ದಾರ ತಗಿಯೂ ಬುದ್ಧಿ ಬಂತು. ನಾ ಚಿತ್ರ ಛಲೋ ಇತ್ತೋ ಇಲ್ಲೋ ಅಂತ ಅಳಿಯೂದು ಹಿಂಗ: ನೋಡಿದ ಮರುದಿನ ಮನ್ಯಾಗ ಏನರ ಒಂದನ್ನ ನಾ ಹಳೇ ರೀತಿ ಮಾಡಲಿಕ್ಕೆ ಆಗಬಾರದು. ಆತಂದ್ರ ಅದು ಬರೇ ಛಂದನ್ನ ಚಿತ್ರ.

ವೈನಿ, ನೀವು ಕೇಳಿದ್ದಕ್ಕ ನನ್ನ ಉತ್ತರ ಇದು. ಪರೀಕ್ಷಾ ನಾವು ಬರೀಲಿಕ್ಕತ್ತೇವಿ, ದಿನಾ. ಹೋದ ವರ್ಷ ನಾ ಒಂದರಾಗ ನಾಪಾಸಾದೆ.

ಹೂವಿನ ಹಂಗಾಮು ಬಂತು. ಬುಧವಾರ ಮುಂಜಾನೆ ಟಾಕಿ ಹತ್ತರ ನಾಕಾರು ಹೆಜ್ಜೇನು ತಿರಗೂದು ಕಂಡೆ, ಜಾಗಾ ನೋಡಲಿಕ್ಕೆ ಬಂದಂಗ ಅನಿಸ್ತು. ಕಟ್ಟಿದ್ರ ಮಕ್ಕಳನ್ನ ಆ ಕಡೆ ಬಿಡೂದು ಬ್ಯಾಡ, ಕಲ್ಲು ಒಗಿಯೂದು ಬ್ಯಾಡ, ಅದರ ಕೆಳಗ ಹೊಗಿ ಹಾಕೂದು ಬ್ಯಾಡ. ತಗಸಲೇಬೇಕು ಅಂತ ಎಲ್ಲಾರಿಗೂ ಅನಿಸಿದ್ರ, ಸುಡದೇ ತಗಿಯೂವರನ್ನ ಕೂಡಿ ಹುಡುಕೂಣು. ಅದಕ್ಕ ನೂರಲ್ಲ, ಐನೂರು ಕೊಡ್ತೀನಿ. ಈ ಶುಕ್ರವಾರ ಮಧ್ಯಾಹ್ನ ಎರಡಕ್ಕ ನಮ್ಮ ಪಡಸಾಲ್ಯಾಗ ಹನಿಲ್ಯಾಂಡ್ ಹಚ್ಚತೀನಿ. ಸೋಸೂ ಪಲ್ಯ ನೀವೇ ತೊಗೊಂಡು ಬರ್ರಿ, ಚಹಾ ನನ್ನದು.